ಒಂದು ಕೋಟಿ ಪೌಂಡಿನ ಪ್ರಶ್ನೆ

1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ವಿಚಿತ್ರವೆನಿಸುವ ದಾವೆಯೊಂದು ಬಂದಿತು. ಮಾರಾಟಕ್ಕಿದ್ದ ವಸ್ತು ಒಂದು ಹಳೆಯ ಸ್ಪೋರ್ಟ್ಸ್ ಕಾರು. ಒಪ್ಪಿಕೊಂಡಿದ್ದ ಬೆಲೆ ಒಂದು ಕೋಟಿ ಪೌಂಡು. ಕೊಳ್ಳಲು ಮುಂದೆ ಬಂದಿದ್ದ ಮಿಡ್ಲ್‌ಬ್ರಿಜ್ ಸಿಮಿಟರ್ ಎಂಬ ಕಂಪನಿ ಆಮೇಲೆ ಹಿಂದೆ ಸರಿಯಿತು. ಕಾರು ಓಡುವುದಿಲ್ಲವೆಂದಾಗಲಿ, ಬಣ್ಣ ಚೆನ್ನಾಗಿಲ್ಲವೆಂದಾಗಲಿ ಅದು ತಕರಾರು ಎತ್ತಲಿಲ್ಲ. ‘ನೀವು ಮಾರುತ್ತಿರುವುದು ಆ ಕಾರೇ ಅಲ್ಲ’ ಎಂಬುದು ಅದರ ವಾದ. ಮಾಲೀಕರು ‘ಇದು ಆ ಕಾರೇ’ ಎಂದರು. ಕಣ್ಣೆದುರಿಗೇ ನಿಂತಿರುವ ಒಂದು ವಸ್ತು ಅದೇ ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸುವ ಹೊಣೆ ನ್ಯಾಯಮೂರ್ತಿ ಆಟನ್ ಅವರ ಮೇಲೆ ಬಿತ್ತು.

ಹಳೆಯ ಕಾರನ್ನು ದುರಸ್ತಿ ಮಾಡಿ, ಮೊದಲಿನ ರೂಪಕ್ಕೆ ತಂದು ಮಾರುವುದು ಇಂದು ಜಗತ್ತಿನಾದ್ಯಂತ ದೊಡ್ಡ ವ್ಯಾಪಾರ. ದೇವಾಲಯಗಳ ವಿಷಯದಲ್ಲಿ ನಾವು ಬಳಸುವ ‘ಜೀರ್ಣೋದ್ಧಾರ’ ಎಂಬ ಮಾತು ಈ ಕೆಲಸಕ್ಕೂ ಚೆನ್ನಾಗಿ ಒಪ್ಪುತ್ತದೆ. ಜೀರ್ಣವಾದುದನ್ನು ಎಷ್ಟು ಉದ್ಧರಿಸಬಹುದು? ಎಷ್ಟು ಬದಲಾಯಿಸಿದ ಮೇಲೆ ಹಳೆಯ ಹೆಸರು ಹೇಳುವ ಹಕ್ಕು ಹೋಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಆ ಕಾರಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗೆದ್ದ ಕಾರು

ಆ ಕಾರಿನ ಹೆಸರು ‘ಓಲ್ಡ್ ನಂಬರ್ ಒನ್’. ಅದು ಬೆಂಟ್ಲಿ ಕಂಪನಿಯ ‘ಸ್ಪೀಡ್ ಸಿಕ್ಸ್’ ಮಾದರಿಯದು. ಡಬ್ಲ್ಯು.ಓ. ಬೆಂಟ್ಲಿ 1919ರಲ್ಲಿ ಸ್ಥಾಪಿಸಿದ ಈ ಕಂಪನಿಯ ಕಾರ್ಖಾನೆ ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿತ್ತು. ಕಂಪನಿಯ ಕೀರ್ತಿ ಬೆಳೆದದ್ದು ಫ್ರಾನ್ಸಿನ ಲೆ ಮಾನ್ಸ್ ಪಟ್ಟಣದಲ್ಲಿ 1923ರಿಂದ ನಡೆಯತೊಡಗಿದ 24 ಗಂಟೆಗಳ ಸ್ಪರ್ಧೆಯಿಂದ. ಹಗಲು ರಾತ್ರಿ ಒಂದೇ ಸಮನೆ ಓಡಿ, ಒಂದು ದಿನದಲ್ಲಿ ಯಾವ ಕಾರು ಹೆಚ್ಚು ದೂರ ಕ್ರಮಿಸುತ್ತದೋ ಅದಕ್ಕೆ ಗೆಲುವು. ಬರೀ ವೇಗ ಸಾಲದು, ಕಾರು ಬಾಳಿಕೆಯನ್ನೂ ತೋರಿಸಬೇಕು. ಈ ಸ್ಪರ್ಧೆಯನ್ನು ಬೆಂಟ್ಲಿ ಕಾರುಗಳು 1924ರಲ್ಲಿ ಒಮ್ಮೆ, ಬಳಿಕ 1927ರಿಂದ 1930ರವರೆಗೆ ಸತತವಾಗಿ ನಾಲ್ಕು ಬಾರಿ ಗೆದ್ದವು.

ಕೊನೆಯ ಎರಡು ವರ್ಷಗಳ ಗೆಲುವು ‘ಓಲ್ಡ್ ನಂಬರ್ ಒನ್’ನದು. 1929ರಲ್ಲಿ ವುಲ್ಫ್ ಬರ್ನಾಟೊ ಮತ್ತು ಟಿಮ್ ಬರ್ಕಿನ್, 1930ರಲ್ಲಿ ಬರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಅದನ್ನು ಓಡಿಸಿದರು. 1929ರಲ್ಲಂತೂ ಮೊದಲ ನಾಲ್ಕು ಸ್ಥಾನಗಳೂ ಬೆಂಟ್ಲಿಗಳಿಗೇ ಹೋದವು. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ಅಪಾರ ಸಂಪತ್ತು ಗಳಿಸಿದ ಬಾರ್ನಿ ಬರ್ನಾಟೊನ ಮಗನೇ ಈ ವುಲ್ಫ್ ಬರ್ನಾಟೊ. ಮುಳುಗುವ ಸ್ಥಿತಿಯಲ್ಲಿದ್ದ ಬೆಂಟ್ಲಿ ಕಂಪನಿಗೆ ತನ್ನ ಹಣ ಹಾಕಿ ಅದರ ಅಧ್ಯಕ್ಷನಾದವನು. ಲೆ ಮಾನ್ಸ್‌ನಲ್ಲಿ ಮೂರೇ ಬಾರಿ ಸ್ಪರ್ಧಿಸಿ ಮೂರು ಬಾರಿಯೂ ಗೆದ್ದದ್ದು ಅವನ ಹೆಗ್ಗಳಿಕೆ.

ಆದರೆ ಗೆಲುವಿನಿಂದ ಕಂಪನಿ ಉಳಿಯಲಿಲ್ಲ. ಜಗತ್ತಿನ ಆರ್ಥಿಕ ಮುಗ್ಗಟ್ಟಿನ ಹೊಡೆತಕ್ಕೆ ಸಿಕ್ಕಿ 1931ರಲ್ಲಿ ಬೆಂಟ್ಲಿ ದಿವಾಳಿಯಾಗಿ, ರೋಲ್ಸ್ ರಾಯ್ಸ್ ಪಾಲಾಯಿತು. ‘ಓಲ್ಡ್ ನಂಬರ್ ಒನ್’ ಮಾತ್ರ ಓಡುತ್ತಲೇ ಇತ್ತು. ಇಂಗ್ಲೆಂಡಿನ ಸರ್ರೆ ಪ್ರಾಂತದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ 1907ರಲ್ಲೇ ಕಟ್ಟಿದ್ದ ಕಾಂಕ್ರೀಟ್ ಓಟದ ಹಾದಿಯಿತ್ತು. ಅದರ ತಿರುವುಗಳು ಬಾಣಲೆಯ ಅಂಚಿನಂತೆ ಮೇಲಕ್ಕೆ ಏರಿದ್ದವು. ಅಲ್ಲಿ 1931ರಲ್ಲಿ ನಡೆದ 500 ಮೈಲಿಗಳ ಸ್ಪರ್ಧೆಯಲ್ಲಿ ಜ್ಯಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಈ ಕಾರಿನಲ್ಲಿ ಗೆದ್ದರು. ಮರುವರ್ಷ ಅದಕ್ಕೆ ಮೊದಲಿನ ಆರೂವರೆ ಲೀಟರ್ ಎಂಜಿನ್ ಬದಲು ಎಂಟು ಲೀಟರಿನ ಎಂಜಿನ್ ಕೂರಿಸಲಾಯಿತು. 1932ರ ಸೆಪ್ಟೆಂಬರ್‌ನಲ್ಲಿ ಅದೇ 500 ಮೈಲಿಗಳ ಸ್ಪರ್ಧೆ. ಜ್ಯಾಕ್‌ನ ಸೋದರ ಕ್ಲೈವ್ ಡನ್‌ಫೀ ಚಾಲಕನ ಆಸನದಲ್ಲಿದ್ದಾಗ ಕಾರು ತಿರುವಿನ ಎತ್ತರದ ಅಂಚನ್ನು ದಾಟಿ ಆಚೆಗೆ ಹಾರಿತು. ಕ್ಲೈವ್ ಸತ್ತ. ಕಾರು ಜಖಂ ಆಯಿತು.

ಬರ್ನಾಟೊ ಅದನ್ನು ಗುಜರಿಗೆ ಹಾಕಲಿಲ್ಲ. ಮತ್ತೆ ಕಟ್ಟಿಸಿ, ಮೇಲೆ ಮುಚ್ಚಿಗೆಯಿರುವ ಕೂಪೆ ಮಾದರಿಯ ಮೈ ಹೊದಿಸಿ, ರಸ್ತೆಯ ಮೇಲೆ ಓಡಾಡುವ ಕಾರಾಗಿ ಮಾರ್ಪಡಿಸಿದ. ಹಲವು ದಶಕಗಳ ನಂತರ ಆ ಕೂಪೆ ಮೈಯನ್ನೂ ತೆಗೆದು, ಲೆ ಮಾನ್ಸ್ ದಿನಗಳಲ್ಲಿದ್ದಂಥ ತೆರೆದ ಮೈಯನ್ನು ಹೊಸದಾಗಿ ಕಟ್ಟಲಾಯಿತು. ಒಂದು ಕೋಟಿ ಪೌಂಡಿಗೆ ವ್ಯಾಪಾರ ಕುದುರಿದ್ದು ಇಷ್ಟೆಲ್ಲ ಆದ ಮೇಲಿನ ಕಾರಿಗೆ.

ಏನು ಉಳಿದಿತ್ತು?

ಬೆಲೆ ಅಷ್ಟು ಏರಿದ್ದಕ್ಕೆ ಆ ಕಾಲವೂ ಕಾರಣ. 1980ರ ದಶಕದ ಕೊನೆಯ ವರ್ಷಗಳಲ್ಲಿ ಹಳೆಯ ಕಾರುಗಳು ಬರೀ ಹವ್ಯಾಸದ ವಸ್ತುಗಳಾಗಿ ಉಳಿದಿರಲಿಲ್ಲ. ಚಿನ್ನ, ನಿವೇಶನ, ಚಿತ್ರಕಲೆಗಳ ಹಾಗೆ ಹಣ ತೊಡಗಿಸುವ ದಾರಿಯಾಗಿದ್ದವು. 1987ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಹರಾಜಿನಲ್ಲಿ ಬುಗಾಟಿ ರಾಯಲ್ ಕಾರೊಂದು 55 ಲಕ್ಷ ಪೌಂಡಿಗೆ ಹೋಗಿ ಎಲ್ಲರನ್ನೂ ಬೆರಗಾಗಿಸಿತ್ತು. ಹೀಗೆ ಬೆಲೆ ಏರಿದಾಗ ಕೊಳ್ಳುವವರ ಪ್ರಶ್ನೆಯೂ ಬದಲಾಗುತ್ತದೆ. ಸ್ಪೀಡ್ ಸಿಕ್ಸ್ ಮಾದರಿಯ ಇನ್ನೊಂದು ಕಾರು ಇದರಷ್ಟೇ ಚೆನ್ನಾಗಿ ಓಡಬಹುದು. ಆದರೆ ಅದಕ್ಕೆ ಈ ಬೆಲೆಯಿಲ್ಲ. ಬೆಲೆಯ ದೊಡ್ಡ ಪಾಲು ‘ಲೆ ಮಾನ್ಸ್ ಅನ್ನು ಎರಡು ಬಾರಿ ಗೆದ್ದದ್ದು ಇದೇ’ ಎಂಬ ಮಾತಿಗೆ. ಆ ಮಾತು ಸುಳ್ಳಾದರೆ ಉಳಿಯುವುದು ಒಳ್ಳೆಯ ಹಳೆಯ ಕಾರು ಅಷ್ಟೆ.

ಆದ್ದರಿಂದ ನ್ಯಾಯಾಲಯ ಕಾರನ್ನು ಬಿಡಿಭಾಗಗಳ ಲೆಕ್ಕದಲ್ಲಿ ಪರಿಶೀಲಿಸಬೇಕಾಯಿತು. ತಜ್ಞರು ಸಾಕ್ಷಿ ನುಡಿದರು. ಕಾಗದಪತ್ರ, ಛಾಯಾಚಿತ್ರಗಳು ಬಂದವು. ಸಿಕ್ಕ ಫಲಿತಾಂಶ ಯಾರನ್ನಾದರೂ ದಂಗುಬಡಿಸುವಂಥದು. 1929ರಲ್ಲಿ ಗೆದ್ದ ಕಾರಿನದು ಎಂದು ಹೇಳಬಹುದಾದದ್ದು, ಯಾವ ಕಾಲದವೆಂದು ಹೇಳಲಾಗದ ಕೆಲವು ಸಣ್ಣಪುಟ್ಟ ಜೋಡಣೆಗಳ ಹೊರತು, ಏನೂ ಉಳಿದಿರಲಿಲ್ಲ. 1930ರ ಕಾರಿನದೆಂದರೆ ಪೆಡಲುಗಳ ದಂಡ, ಗೇರ್‌ಬಾಕ್ಸಿನ ಹೊರಕವಚ ಮುಂತಾದ ಕೆಲವೇ ಭಾಗಗಳು ಇರಬಹುದು ಎಂಬಷ್ಟೇ. ಅಡಿಗಟ್ಟು, ಅಂದರೆ ಚಾಸಿ, ಬೆಂಟ್ಲಿಯ ನಾಲ್ಕು ಲೀಟರ್ ಮಾದರಿಗೆ ಮಾಡಿದಂಥದು. ಅದು ಈ ಕಾರಿಗೆ ಬಂದದ್ದು 1931ರ ಸ್ಪರ್ಧೆಗೆ. ಸ್ಪ್ರಿಂಗುಗಳು, ಮುಂದಿನ ಆಕ್ಸಲ್ ಮುಂತಾದವೂ ಆ ವರ್ಷದವೇ. ಎಂಜಿನ್ 1932ರದು. ಮೈಯಂತೂ ತೀರ ಹೊಸದು.

ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಸ್ಪರ್ಧೆಯ ಕಾರಿನ ಬಾಳೇ ಹಾಗೆ. 24 ಗಂಟೆ ಓಡಿ ಬಂದ ಕಾರನ್ನು ಕಾರ್ಖಾನೆಯಲ್ಲಿ ಪೂರ್ತಿ ಬಿಚ್ಚುತ್ತಾರೆ. ಸವೆದದ್ದನ್ನು ಎಸೆಯುತ್ತಾರೆ, ಬಿರುಕು ಬಿಟ್ಟದ್ದನ್ನು ಬದಲಾಯಿಸುತ್ತಾರೆ. ಒಂದೇ ತಂಡದ ಎರಡು ಕಾರುಗಳ ನಡುವೆ ಭಾಗಗಳ ಅದಲುಬದಲೂ ಉಂಟು. ಅಂದಿನ ಬೆಂಟ್ಲಿಗಳ ಮೈ ಆ್ಯಶ್ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಮಾಡಿದ್ದು; ಹಗುರ ನಿಜ, ಆದರೆ ದಶಕಗಟ್ಟಲೆ ಬಾಳುವಂಥದಲ್ಲ. ಮುಂದೊಂದು ದಿನ ನ್ಯಾಯಾಲಯದಲ್ಲಿ ಪ್ರಶ್ನೆ ಬಂದೀತು ಎಂದು ಹಳೆಯ ಆಕ್ಸಲನ್ನು ಜೋಪಾನ ಮಾಡಿಡುವ ಯೋಚನೆ 1930ರ ಮೆಕ್ಯಾನಿಕ್ಕುಗಳಿಗೆ ಬರುವುದಾದರೂ ಹೇಗೆ? ಮುಂದಿನ ಓಟವನ್ನು ಗೆಲ್ಲುವುದಷ್ಟೇ ಅವರ ಕೆಲಸವಾಗಿತ್ತು.

ರಥ ಯಾವುದು?

ಈ ಬಗೆಯ ಪ್ರಶ್ನೆ ಹೊಸದೇನಲ್ಲ. ಅಥೆನ್ಸಿನ ಜನ ವೀರ ಥೀಸಿಯಸ್‌ನ ಹಡಗನ್ನು ಕಾಪಾಡಿಕೊಂಡು ಬಂದ ಬಗೆಯನ್ನು ಪ್ಲುಟಾರ್ಕ್ ಹೇಳುತ್ತಾನೆ. ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಜೋಡಿಸುತ್ತ ಹೋದಂತೆ ಅದು ಅದೇ ಹಡಗೇ, ಬೇರೆಯೇ ಎಂದು ತತ್ತ್ವಜ್ಞಾನಿಗಳು ಜಗಳಾಡಿದರಂತೆ. ಭಾರತದಲ್ಲಿ ಇದೇ ಜಾತಿಯ ಚರ್ಚೆ ‘ಮಿಲಿಂದ ಪಞ್ಹ’ ಎಂಬ ಪಾಳಿ ಗ್ರಂಥದಲ್ಲಿದೆ. ಅಲ್ಲಿ ಬರುವ ವಸ್ತು ಹಡಗಲ್ಲ, ವಾಹನವೇ. ರಥದಲ್ಲಿ ಬಂದ ಗ್ರೀಕ್ ಅರಸ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದಕ್ಕೂ ಅರಸ ಹೌದೆನ್ನಲಾರ. ಹಾಗಾದರೆ ರಥವೆಲ್ಲಿ? ಇವೆಲ್ಲವನ್ನೂ ಆಧರಿಸಿ ನಾವು ಇಟ್ಟುಕೊಂಡ ಹೆಸರೇ ‘ರಥ’ ಎಂಬ ಉತ್ತರಕ್ಕೆ ಮಾತು ಬಂದು ನಿಲ್ಲುತ್ತದೆ.

ನಮ್ಮ ಊರುಗಳ ತೇರುಗಳ ಕಥೆಯೂ ಇದೇ. ಗಾಲಿ ಶಿಥಿಲವಾದರೆ ಗಾಲಿ ಬದಲಾಗುತ್ತದೆ, ತೊಲೆ ಹೋದರೆ ತೊಲೆ ಬರುತ್ತದೆ. ತೇರು ಮಾತ್ರ ಅಜ್ಜಂದಿರು ಎಳೆದ ತೇರೇ. ಪುರಿಯಲ್ಲಿ ವರ್ಷ ವರ್ಷವೂ ಹೊಸ ಮರದಿಂದ ಹೊಸ ರಥಗಳನ್ನೇ ಕಟ್ಟುತ್ತಾರೆ; ರಥದ ಹೆಸರು ಮಾತ್ರ ಬದಲಾಗುವುದಿಲ್ಲ. ಅಲ್ಲಿ ಹೆಸರನ್ನು ಹೊತ್ತಿರುವುದು ಮರವಲ್ಲ, ಪರಂಪರೆ.

ಆದರೆ ತೇರನ್ನು ಯಾರೂ ಮಾರುವುದಿಲ್ಲ. ಕಾರನ್ನು ಮಾರುತ್ತಾರೆ. ಆಗ ಹೆಸರಿನ ಪ್ರಶ್ನೆ ದುಡ್ಡಿನ ಪ್ರಶ್ನೆಯೂ ಆಗುತ್ತದೆ.

ನ್ಯಾಯಮೂರ್ತಿ ಆಟನ್ ಪದಗಳನ್ನು ಬೇರ್ಪಡಿಸಿ ನೋಡಿದರು. ಕಾರ್ಖಾನೆಯಿಂದ ಹೊರಬಂದಾಗ ಇದ್ದ ಭಾಗಗಳೇ ಈಗಲೂ ಇದ್ದರೆ ಅದು ‘ಮೂಲ’ ಕಾರು. ಆ ಅರ್ಥದಲ್ಲಿ ಇದು ಮೂಲ ಕಾರಲ್ಲ ಎಂಬುದನ್ನು ಅವರು ಒಪ್ಪಿದರು. ಹಾಗೆಂದು ಎಲ್ಲೋ ಬಿದ್ದಿದ್ದ ಭಾಗಗಳನ್ನು ಆರಿಸಿ ತಂದು ಕಟ್ಟಿದ, ಸತ್ತು ಮತ್ತೆ ಹುಟ್ಟಿದ ಕಾರೂ ಅಲ್ಲ. 1929ರಿಂದ ಅದು ಒಂದೊಂದೇ ಮಾರ್ಪಾಟು ಹೊಂದುತ್ತ ಬಂದಿದೆ. ಯಾವ ಘಟ್ಟದಲ್ಲೂ ಹಳೆಯ ಕಾರು ಮುಗಿದು ಹೊಸದು ಶುರುವಾಯಿತು ಎನ್ನುವಂತಿಲ್ಲ. ಅದರ ಇತಿಹಾಸದ ಎಳೆ ಕಡಿದಿಲ್ಲ. ಜೊತೆಗೆ ಆ ಹೆಸರಿಗೆ ಹಕ್ಕು ಹೂಡಬಲ್ಲ ಇನ್ನೊಂದು ಬೆಂಟ್ಲಿ ಎಲ್ಲೂ ಇಲ್ಲ. ಆದ್ದರಿಂದ ಇದು ಅಸಲಿ ‘ಓಲ್ಡ್ ನಂಬರ್ ಒನ್’ ಎಂದು ಅವರು ತೀರ್ಪಿತ್ತರು. ಮಾರುವವರು ಗೆದ್ದರು.

ತೀರ್ಪಿನ ನಂತರ

ಈ ತೀರ್ಪಿನಿಂದ ಒಂದು ವಿಷಯ ಖಚಿತವಾಯಿತು. ಹಳೆಯ ಕಾರು ಕೊಳ್ಳುವವರು ಕೊಳ್ಳುವುದು ಬರೀ ಲೋಹವನ್ನಲ್ಲ, ಕಡಿಯದ ಚರಿತ್ರೆಯನ್ನು. ಹಾಗಾಗಿ ಕಾರಿನ ಜೊತೆ ಬರುವ ಕಾಗದಪತ್ರಗಳ ತೂಕ ಹೆಚ್ಚಿತು. ಚಾಸಿ ನಂಬರು, ಎಂಜಿನ್ ನಂಬರು ಕಾರ್ಖಾನೆಯ ದಾಖಲೆಗೆ ಹೊಂದುತ್ತವೆಯೇ, ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತು, ಯಾವ ಗ್ಯಾರೇಜಿನಲ್ಲಿ ಏನು ಬದಲಾಯಿತು ಎಂಬ ವಿವರಗಳು ಇಂದು ಯಾವುದೇ ದೊಡ್ಡ ಹರಾಜಿನ ಕೈಪಿಡಿಯಲ್ಲಿ ಕಾರಿನ ಚಿತ್ರದಷ್ಟೇ ಮುಖ್ಯ.

2022ರ ಮೇ ತಿಂಗಳಿನಲ್ಲಿ ಮರ್ಸಿಡಿಸ್ ಬೆಂಜ್‌ನ 1955ರ 300 ಎಸ್‌ಎಲ್‌ಆರ್ ಕೂಪೆ ಕಾರೊಂದು 13.5 ಕೋಟಿ ಯೂರೊಗಳಿಗೆ ಮಾರಾಟವಾಗಿ ದಾಖಲೆ ಬರೆಯಿತು. ತಯಾರಾದದ್ದು ಎರಡೇ. ಮಾರಾಟವಾಗುವವರೆಗೆ ಅದು ತಯಾರಿಸಿದ ಕಂಪನಿಯ ಕೈಯಲ್ಲೇ ಇತ್ತು. ಬೆಲೆಗೆ ಅದರ ಚೆಲುವು, ವಿರಳತೆಗಳು ಕಾರಣವಾದ ಹಾಗೆಯೇ, ‘ಇದು ಅದೇನಾ’ ಎಂದು ಯಾರೂ ಕೇಳುವ ಹಾಗಿರಲಿಲ್ಲ ಎಂಬುದೂ ಸಣ್ಣ ಸಂಗತಿಯಲ್ಲ.

ಆದರೆ ತೀರ್ಪು ಮುಟ್ಟದೆ ಬಿಟ್ಟ ಇನ್ನೊಂದು ಪ್ರಶ್ನೆಯಿದೆ. ಹೆಸರು ಉಳಿಯಿತು, ಸರಿ. ವಸ್ತು ಹೋಯಿತಲ್ಲ? 1929ರ ಬಡಗಿ ಆ್ಯಶ್ ಮರವನ್ನು ಹೇಗೆ ಬೆಸೆದಿದ್ದ, ಬಟ್ಟೆಯ ಕೆಳಗೆ ಏನು ತುಂಬಿದ್ದ, ಓಟದ ನಡುವೆ ಯಾವ ಬೋಲ್ಟು ಬಾಗಿತು ಎಂಬುದನ್ನು ಹೇಳಬಲ್ಲದ್ದು ಆ ಮರ, ಆ ಬಟ್ಟೆ, ಆ ಬೋಲ್ಟು ಮಾತ್ರ. ಹೊಸದಾಗಿ ಮಾಡಿದ ಭಾಗ ಎಷ್ಟೇ ನಿಖರವಾಗಿದ್ದರೂ ಅದು ಇಂದಿನ ಕುಶಲಕರ್ಮಿಯ ಊಹೆ. ಜೀರ್ಣೋದ್ಧಾರ ಕಾರನ್ನು ಉಳಿಸುತ್ತದೆ, ಅದರ ಸಾಕ್ಷ್ಯವನ್ನು ಅಳಿಸುತ್ತದೆ. ಸುಣ್ಣ ಬಳಿದ ಗೋಡೆಯ ಹಿಂದೆ ಹಳೆಯ ಶಾಸನ ಮರೆಯಾದ ದೇವಾಲಯಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಹಳ ಕಾಲ ಈ ನಷ್ಟದ ಬಗ್ಗೆ ಹೆಚ್ಚು ಜನ ತಲೆಕೆಡಿಸಿಕೊಳ್ಳಲಿಲ್ಲ. ಅಮೆರಿಕದ ಕಾರು ಪ್ರದರ್ಶನಗಳಲ್ಲಿ ಬಹುಮಾನ ಸಿಗುತ್ತಿದ್ದುದು ಕನ್ನಡಿಯಂತೆ ಹೊಳೆಯುವ ಕಾರುಗಳಿಗೆ. ಕಾರ್ಖಾನೆಯಿಂದ ಬಂದ ದಿನವೂ ಇಲ್ಲದಿದ್ದ ಹೊಳಪು ಅವಕ್ಕಿರುತ್ತಿತ್ತು. ನಿಧಾನವಾಗಿ ಅಭಿಪ್ರಾಯ ಬದಲಾಯಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ 2013ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದೇ ಅದಕ್ಕೆ ಮಾದರಿ. ಸಾಧ್ಯವಾದಷ್ಟೂ ಇದ್ದದ್ದನ್ನೇ ಕಾಪಾಡಬೇಕು, ಅನಿವಾರ್ಯವಾದಾಗ ಮಾತ್ರ ಬದಲಾಯಿಸಬೇಕು, ಬದಲಾಯಿಸಿದ್ದನ್ನು ದಾಖಲಿಸಬೇಕು ಎಂಬುದು ಅದರ ಸಾರ.

ಮಾರುಕಟ್ಟೆಯೂ ಇದೇ ದಿಕ್ಕಿಗೆ ತಿರುಗಿತು. ಸ್ವಿಟ್ಜರ್‌ಲೆಂಡ್ ಮತ್ತು ಇಟಲಿಗಳಲ್ಲಿ ಹರಡಿಕೊಂಡಿರುವ ಮಜಿಯೋರೆ ಸರೋವರದ ತಳದಲ್ಲಿ 70 ವರ್ಷಕ್ಕೂ ಮೇಲ್ಪಟ್ಟು ಬಿದ್ದಿದ್ದ 1925ರ ಬುಗಾಟಿ ಕಾರೊಂದನ್ನು 2009ರಲ್ಲಿ ಮೇಲೆತ್ತಿದರು. ತುಕ್ಕು ಹಿಡಿದು ತೂತುಬಿದ್ದ ಆ ಅವಶೇಷ ಮರುವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೊಗಳಿಗೂ ಹೆಚ್ಚು ಬೆಲೆಗೆ ಹೋಯಿತು. ಕೊಂಡ ಅಮೆರಿಕದ ವಸ್ತುಸಂಗ್ರಹಾಲಯ ಅದನ್ನು ದುರಸ್ತಿ ಮಾಡದೆ, ಸರೋವರದಿಂದ ಬಂದ ರೂಪದಲ್ಲೇ ಪ್ರದರ್ಶನಕ್ಕಿಟ್ಟಿತು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆದು ಬಂದಿರುವ ಪ್ರಸಿದ್ಧ ಪ್ರದರ್ಶನದಲ್ಲಿ ಅತ್ಯುನ್ನತ ಬಹುಮಾನ 2024ರಲ್ಲಿ ಮೊದಲ ಬಾರಿಗೆ ಇದ್ದಂತೆಯೇ ಕಾಪಾಡಿದ ಕಾರೊಂದಕ್ಕೆ ಸಿಕ್ಕಿತು. ಹಿಂದೆ ಬೆಲ್ಜಿಯಂನ ದೊರೆ ಮೂರನೆಯ ಲಿಯೊಪೋಲ್ಡ್ ಇಟ್ಟುಕೊಂಡಿದ್ದ 1934ರ ಬುಗಾಟಿ ಅದು.

ಭಾರತದಲ್ಲೂ ಈ ಪ್ರಶ್ನೆ ಈಗ ಕಾನೂನಿನ ಬಾಗಿಲಿಗೆ ಬಂದಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನು ನೋಡಿದವರಿಗೆ ನಮ್ಮಲ್ಲೂ ಎಂಥೆಂಥ ಹಳೆಯ ವಾಹನಗಳು ಉಳಿದಿವೆ ಎಂಬುದು ಗೊತ್ತು. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ವ್ಯವಸ್ಥೆ ಮಾಡಿತು. ಅವುಗಳ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು ಇರಬೇಕು. ಆದರೆ ಒಂದು ಷರತ್ತಿದೆ: ವಾಹನ ಮೂಲರೂಪದಲ್ಲಿರಬೇಕು; ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು.

ನಿಯಮದ ಉದ್ದೇಶ ಒಳ್ಳೆಯದೇ. ಆದರೆ ನಮ್ಮ ರಸ್ತೆಗಳಲ್ಲಿ ಓಡಿದ ಕಾರುಗಳ ಬಾಳೇ ಬೇರೆ. ಬಿಡಿಭಾಗ ಸಿಗದ ದಶಕಗಳಲ್ಲಿ ಮೆಕ್ಯಾನಿಕ್ಕುಗಳು ಲೇತಿನಲ್ಲಿ ಕಡೆದು ಮಾಡಿದ ಭಾಗಗಳಿಂದಲೇ ಎಷ್ಟೋ ಕಾರುಗಳು ಬದುಕಿದವು. ಪೆಟ್ರೋಲ್ ದುಬಾರಿಯಾದಾಗ ಹಳೆಯ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸಿದ ಅಂಬಾಸಿಡರ್‌ಗಳಿಗೆ ಲೆಕ್ಕವಿಲ್ಲ. ಅವೂ ಆ ಕಾರುಗಳ ಚರಿತ್ರೆಯೇ. ನಿಯಮವನ್ನು ಅಕ್ಷರಶಃ ಓದಿದರೆ ಚಾಸಿ, ಎಂಜಿನ್, ಮೈ ಮೂರೂ ಬದಲಾದ ‘ಓಲ್ಡ್ ನಂಬರ್ ಒನ್’ಗೆ ಇಲ್ಲಿ ‘ವಿಂಟೇಜ್’ ಗುರುತು ಸಿಗುವುದು ಅನುಮಾನ. ಲಂಡನ್ನಿನ ನ್ಯಾಯಾಲಯ ಎಳೆಯನ್ನು ನೋಡಿತು, ನಮ್ಮ ನಿಯಮ ವಸ್ತುವನ್ನು ನೋಡುತ್ತದೆ. ಎರಡರಲ್ಲೂ ಅರ್ಧ ಸತ್ಯವಿದೆ.

ಎರಡನ್ನೂ ಸೇರಿಸಬಲ್ಲದ್ದು ಬಹುಶಃ ಪ್ರಾಮಾಣಿಕವಾದ ದಾಖಲೆಯೊಂದೇ. ಕಾರು ಪೂರ್ತಿ ಹಳೆಯದಾಗಿರಲೇಬೇಕೆಂದಿಲ್ಲ. ಯಾವುದು ಹಳೆಯದು, ಯಾವುದು ಹೊಸದು, ಯಾವಾಗ ಏಕೆ ಬದಲಾಯಿತು ಎಂಬುದು ಕೊಳ್ಳುವವರಿಗೂ ಮುಂದಿನವರಿಗೂ ಗೊತ್ತಿರಬೇಕು. ಹಳೆಯ ಭಾಗವನ್ನು ಬದಲಾಯಿಸಿದ ಮೇಲೂ ಎಸೆಯದೆ, ಚೀಟಿ ಕಟ್ಟಿ ಎತ್ತಿಡುವ ಅಭ್ಯಾಸ ಒಳ್ಳೆಯ ಗ್ಯಾರೇಜುಗಳಲ್ಲಿ ಬೆಳೆಯುತ್ತಿರುವುದು ಈ ಕಾರಣಕ್ಕೆ. 1930ರಲ್ಲಿ ಕ್ರಿಕಲ್‌ವುಡ್‌ನ ಕಾರ್ಖಾನೆಯಲ್ಲಿ ಯಾರಾದರೂ ಆ ಕೆಲಸ ಮಾಡಿದ್ದಿದ್ದರೆ, 60 ವರ್ಷಗಳ ನಂತರ ತಜ್ಞರು ಪೆಡಲಿನ ದಂಡದ ವಯಸ್ಸನ್ನು ನ್ಯಾಯಾಲಯದಲ್ಲಿ ಚರ್ಚಿಸುವ ಪ್ರಮೇಯ ಬರುತ್ತಿರಲಿಲ್ಲ.